ಬೇಡವೆಂದ ಹೆಣ್ಣು

ಬೇಗೂರಿನ ವೀರಗಲ್ಲೊಂದು ಬೆಂಗಳೂರ ಕಾಳಗದಲ್ಲಿ ಮಡಿದವನ ಹೆಸರನ್ನು ಸಾವಿರ ವರ್ಷಗಳಿಗೂ ಮೀರಿ ಕಾಪಾಡಿಕೊಂಡು ಬಂದಿದೆ. ಅವನ ಮನೆಯ ಹೆಣ್ಣಿನ ಮನಸ್ಸು ಹೇಗಿತ್ತೆಂದು ಹೇಳಲು ಆ ಕಲ್ಲಿನಲ್ಲಿ ತಾವಿರಲಿಲ್ಲ. ನಮ್ಮ ಕಾವ್ಯಗಳಲ್ಲಿ ವಿರಹಿಣಿಯರಿಗೇನೂ ಬರಗಾಲವಿಲ್ಲ. ಆದರೆ ಅಕ್ಕಮಹಾದೇವಿಯಂಥವರನ್ನು ಬಿಟ್ಟರೆ ಆ ವಿರಹವನ್ನು ಬಣ್ಣಿಸಿದವರು ಬಹುಮಟ್ಟಿಗೆ ಗಂಡಸರೇ.

ಹೊಸಗನ್ನಡ ಕಾದಂಬರಿಯಲ್ಲಿ ಹೆಣ್ಣಿನ ಮಾತಿಗೆ ಮೊದಲು ಎಡೆಮಾಡಿಕೊಟ್ಟವರು ನಂಜನಗೂಡು ತಿರುಮಲಾಂಬ. ಬಾಲ್ಯದಲ್ಲೇ ವೈಧವ್ಯಕ್ಕೀಡಾದ ಆಕೆ ಬರೆದುದಷ್ಟೇ ಅಲ್ಲ, ಬರೆದುದನ್ನು ತಾವೇ ಪ್ರಕಟಿಸಿದರು. ಆದರೂ ಅವರ ನಾಯಿಕೆಯರಿಗೆ ತಾಳ್ಮೆಯೇ ಪರಮ ಆಯುಧ. ‘ಬೇಡ’ ಎನ್ನಬಲ್ಲ ಹೆಣ್ಣನ್ನು ಕಾಣಲು ವಾಚಕರು ತ್ರಿವೇಣಿಯವರವರೆಗೆ ಕಾಯಬೇಕಾಯಿತು.

1928ರಲ್ಲಿ ಹುಟ್ಟಿ 1963ರಲ್ಲೇ ತೀರಿಕೊಂಡ ತ್ರಿವೇಣಿ ಮನಶ್ಶಾಸ್ತ್ರವನ್ನು ಓದಿದವರು. ಅವರ ‘ಬೆಳ್ಳಿಮೋಡ’ದ ಇಂದಿರೆ ಸಿರಿವಂತರ ಒಬ್ಬಳೇ ಮಗಳು. ಆಕೆಯನ್ನು ಮದುವೆಯಾಗಬೇಕಾದ ಮೋಹನ ಹೆಣ್ಣಿನ ತಂದೆಯ ಹಣದಲ್ಲಿ ವಿದೇಶಕ್ಕೆ ಹೋಗಿ ಓದಿಬರುತ್ತಾನೆ. ಅಷ್ಟರಲ್ಲಿ ಆ ಮನೆಯಲ್ಲಿ ಗಂಡು ಮಗು ಹುಟ್ಟಿದೆ. ಆಸ್ತಿಗೆ ವಾರಸುದಾರ ಬಂದಿದ್ದಾನೆ. ಮೋಹನನ ಒಲವು ತಣ್ಣಗಾಗಲು ಬೇರೆ ಕಾರಣವೇ ಬೇಕಾಗಲಿಲ್ಲ. ಮುಂದೆ ಅವನು ಬಿದ್ದು ಹಾಸಿಗೆ ಹಿಡಿದಾಗ ಇಂದಿರೆಯೇ ಶುಶ್ರೂಷೆಗೆ ನಿಲ್ಲುತ್ತಾಳೆ. ಮನಸ್ಸು ಕರಗಿದ ಮೋಹನ ಮದುವೆಯ ಮಾತೆತ್ತುತ್ತಾನೆ. ಆಕೆ ಒಪ್ಪುವುದಿಲ್ಲ.

ಕ್ಷಮಿಸಿದ ಮೇಲೆ ಕೈಹಿಡಿಯಬಾರದಿತ್ತೆ ಎಂದು ಕೇಳುವವರುಂಟು. ಕ್ಷಮೆ ಬೇರೆ, ವಿಶ್ವಾಸ ಬೇರೆ. ರೋಗಿಗೆ ಗಂಜಿ ಕುಡಿಸುವ ಕೈ ಅವನಿಗೆ ಧಾರೆಯೆರೆದು ಕೊಡಬೇಕಾದ ಕೈಯೆಂದು ತೀರ್ಮಾನಿಸಿದವರಾರು? ಮಂಗಳಾಂತ್ಯವನ್ನು ಬಯಸುವ ಓದುಗರ ಮುಂದೆ ಹೀಗೆ ಬರೆಯಲು ಧೈರ್ಯ ಬೇಕಿತ್ತು. 1967ರಲ್ಲಿ ಪುಟ್ಟಣ್ಣ ಕಣಗಾಲರು ಈ ಕಥೆಯನ್ನು ತೆರೆಗೆ ತಂದಾಗಲೂ ಆ ನಿರಾಕರಣೆ ಹಾಗೆಯೇ ಉಳಿಯಿತು.

ದೂರದ ಇರಾನಿನಲ್ಲಿ ಸಿಮೀನ್ ದಾನೇಶ್ವರ್ ಎಂಬಾಕೆ 1969ರಲ್ಲಿ ‘ಸುವಶೂನ್’ ಕಾದಂಬರಿಯನ್ನು ಪ್ರಕಟಿಸಿದರು. ಎರಡನೆಯ ಮಹಾಯುದ್ಧದ ಕಾಲ, ಶಿರಾಜ್ ನಗರ. ರಾಜ್ಯಪಾಲನ ಮಗಳ ಮದುವೆಯಲ್ಲಿ ದೊಡ್ಡವರು ಕೇಳಿದರೆಂದು ನಾಯಿಕೆ ಜರಿ ತನ್ನ ಪಚ್ಚೆಯ ಓಲೆಗಳನ್ನು ಬಿಚ್ಚಿಕೊಡುತ್ತಾಳೆ. ಇಲ್ಲವೆನ್ನಲು ನಾಲಗೆ ಏಳುವುದಿಲ್ಲ. ಆಕೆಯದು ಹೇಡಿತನವೆನ್ನುವುದು ಸುಲಭ. ಗಂಡ ಯೂಸುಫನೂ ಮಕ್ಕಳೂ ಸುಖವಾಗಿರಲೆಂಬ ಒಲವೇ ಆ ಬಾಯಿಗೆ ಬೀಗ ಹಾಕಿದೆ. ಗಂಡ ಕೊಲೆಯಾದ ಮೇಲಷ್ಟೆ ಆ ಬೀಗ ಕಳಚುತ್ತದೆ.

ಇಂದಿರೆಗೆ ಬೇಡವೆನ್ನಲು ತಂದೆಯ ಮನೆಯ ಆಸರೆಯಿತ್ತು ಎಂಬುದನ್ನು ಮರೆಯುವಂತಿಲ್ಲ. ‘ಶರಪಂಜರ’ದ ಕಾವೇರಿಗೆ ಅದೂ ಇಲ್ಲ. ಬಾಣಂತನದಲ್ಲಿ ಮನಸ್ಸು ಕದಡಿ ಆಸ್ಪತ್ರೆ ಸೇರಿದ ಆಕೆ ಗುಣಹೊಂದಿ ಮನೆಗೆ ಬರುತ್ತಾಳೆ. ವೈದ್ಯರು ವಾಸಿಯಾಯಿತೆಂದರೂ ಮನೆಯವರು ನಂಬರು. ನಕ್ಕರೆ ಹುಚ್ಚು, ಅತ್ತರೆ ಹುಚ್ಚು, ಕೋಪಿಸಿಕೊಂಡರಂತೂ ಹೇಳುವುದೇ ಬೇಡ. ಗಂಡನ ಮನಸ್ಸು ಬೇರೊಬ್ಬಳತ್ತ ಹೊರಳಿದ್ದನ್ನು ಕಂಡು ಆಕೆ ಪ್ರಶ್ನಿಸಿದರೆ ಆ ಪ್ರಶ್ನೆಯೂ ರೋಗದ ಲಕ್ಷಣವೇ ಆಗುತ್ತದೆ. ಕೊನೆಗೆ ಆಕೆ ಮತ್ತೆ ಆಸ್ಪತ್ರೆಯನ್ನೇ ಸೇರಬೇಕಾಗುತ್ತದೆ. ಗಂಡ ಮನೆಯಲ್ಲೇ ಉಳಿಯುತ್ತಾನೆ.