ಹೆಸರು ಹುಡುಕಿದವರು ಯಾರು?

ಡೋರಿಸ್ ಮಿಲ್ಲರ್. ಟೆಕ್ಸಾಸ್‌ನ ವೇಕೋದ ಕಪ್ಪು ಯುವಕ. ಅಮೆರಿಕದ ನೌಕಾಪಡೆ ಸೇರಿದಾಗ ಕೊಟ್ಟ ಕೆಲಸ ಅಡುಗೆಮನೆ ಚಾಕರಿ. ಆಫೀಸರುಗಳಿಗೆ ಊಟ ಬಡಿಸೋದು, ಮಾಸಿದ ಬಟ್ಟೆ ಒಟ್ಟುಮಾಡೋದು. ಮೆಷಿನ್ ಗನ್ ತರಬೇತಿ ಇಲ್ಲ. ಕಾರಣ, ಚರ್ಮದ ಬಣ್ಣ.

1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬ್ ಸುರಿಸಿತು. ವೆಸ್ಟ್ ವರ್ಜೀನಿಯಾ ಹಡಗಿನಲ್ಲಿದ್ದ ಮಿಲ್ಲರ್ ಗಾಯಗೊಂಡ ಕ್ಯಾಪ್ಟನ್‌ಗೆ ಹೆಗಲು ಕೊಟ್ಟರು. ಆಮೇಲೆ ಮೆಷಿನ್ ಗನ್ ಹಿಡಿದು ವಿಮಾನಗಳ ಮೇಲೆ ಗುಂಡು ಹಾರಿಸಿದರು.

ಮೊದಲು ಬಂದ ಸುದ್ದಿಯಲ್ಲಿ ಅವರಿಗೆ ಹೆಸರೇ ಇರಲಿಲ್ಲ, ಬರೀ ‘ಒಬ್ಬ ನೀಗ್ರೋ’. ಬೆನ್ನುಬಿದ್ದು ಹೆಸರು ಹೊರತಂದಿದ್ದು ಕಪ್ಪು ಜನರದ್ದೇ ಪತ್ರಿಕೆ, ಪಿಟ್ಸ್‌ಬರ್ಗ್ ಕುರಿಯರ್. 1942ರ ಮೇನಲ್ಲಿ ನೇವಿ ಕ್ರಾಸ್ ಪದಕ ಬಂತು. ಕೆಲಸ? ಮತ್ತೆ ಅಡುಗೆಮನೆಯೇ. 1943ರ ನವೆಂಬರ್‌ನಲ್ಲಿ ಜಪಾನಿನ ಟಾರ್ಪೆಡೊಗೆ ಲಿಸ್ಕಮ್ ಬೇ ಹಡಗು ಮುಳುಗಿದಾಗ ಅವರೂ ಹೋದರು. ವಯಸ್ಸು 24. ವಿಮಾನವಾಹಕ ನೌಕೆಯೊಂದಕ್ಕೆ ಅವರ ಹೆಸರಿಡ್ತೀವಿ ಅಂತ ನೌಕಾಪಡೆ ಹೇಳಿದ್ದು 2020ರಲ್ಲಿ!

ಗೆಳೆಯರೇ, ಹುಟ್ಟು ನೋಡಿ ಕೆಲಸ ಹಂಚೋದು ನಮಗೇನು ಹೊಸದಲ್ಲ. ನಮ್ಮ ಕೇರಿಗಳಿಂದಲೂ ಸೇನೆಗೆ ಹೋಗಿ ದುಡಿದ ಹಿರಿಯರಿದ್ದಾರೆ. ಅವರ ಹೆಸರು, ಊರು, ಮಾಡಿದ ಕೆಲಸ ಕೇಳಿ ಬರೆದಿಡಿ. ಬೇರೆ ಯಾರೋ ಬರೀತಾರೆ ಅಂತ ಕಾಯಬೇಡಿ.

ಜೈ ಭೀಮ್.