ಹಳೇ ಕ್ಯಾಮೆರಾ ಹಿಪ್ಪುನೇರಳೆ ತೋಟಕ್ಕೂ ಬರಲಿ

ಟಿವಿ ರಿಮೋಟನ್ನು ಫೋನಿನ ಸೆಲ್ಫಿ ಕ್ಯಾಮೆರಾ ಮುಂದೆ ಹಿಡಿದು ಬಟನ್ ಒತ್ತಿ. ಬಹಳಷ್ಟು ಫೋನುಗಳಲ್ಲಿ ರಿಮೋಟಿನ ತುದಿ ಮಿಣಮಿಣ ಅನ್ನುತ್ತೆ. ಬರಿಗಣ್ಣಿಗೆ ಏನೂ ಕಾಣಲ್ಲ. ಅದೇ ಇನ್‌ಫ್ರಾರೆಡ್ ಬೆಳಕು.

ಹಸಿರೆಲೆ ಈ ಬೆಳಕನ್ನು ಹೆಚ್ಚು ಹೀರದೆ ವಾಪಸ್ ಎಸೆಯುತ್ತೆ. ಅದಕ್ಕೇ ಕಪ್ಪುಬಿಳುಪು ಇನ್‌ಫ್ರಾರೆಡ್ ಫಿಲ್ಮಿನಲ್ಲಿ ಹುಣಸೆಮರವೂ ಹಿಮ ಬಿದ್ದಂತೆ ಬೆಳ್ಳಗೆ. ನೋಡೋಕೆ ಚೆಂದ. ಆದರೆ ಚೆಂದಕ್ಕಷ್ಟೇ ಬಳಸಿದರೆ ದಂಡ ಅಂತ ನನ್ನ ಅಭಿಪ್ರಾಯ.

1970ರಲ್ಲಿ ವಿಜ್ಞಾನಿ ಪಿ.ಆರ್. ಪಿಶಾರೋಟಿ ಅವರ ತಂಡ ಕೇರಳದ ತೆಂಗಿನ ತೋಟಗಳನ್ನು ಹೆಲಿಕಾಪ್ಟರಿನಿಂದ ಬಣ್ಣದ ಇನ್‌ಫ್ರಾರೆಡ್ ಫಿಲ್ಮಿನಲ್ಲಿ ತೆಗೆಯಿತು. ಬೇರು ರೋಗ ತಗುಲಿದ ಮರಗಳು ಬೇರೆ ಬಣ್ಣದಲ್ಲಿ ಕಂಡವು.

ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಿಪ್ಪುನೇರಳೆಗೆ ಬೇರುಕೊಳೆ ಬಂದರೆ ಗೊತ್ತಾಗೋದು ಸೊಪ್ಪು ಬಾಡಿದ ಮೇಲೆ. ಅಷ್ಟೊತ್ತಿಗೆ ಚಾಕಿ ಹುಳ ಮನೆಗೆ ಬಂದಿರುತ್ತೆ.

ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಮುಂದೆ ಇನ್‌ಫ್ರಾರೆಡ್ ತಡೆಯುವ ಗಾಜು ಇರುತ್ತೆ. ಅದನ್ನು ತೆಗೆಸಿ, ಲೆನ್ಸಿಗೆ ಕಪ್ಪು ಇನ್‌ಫ್ರಾರೆಡ್ ಫಿಲ್ಟರ್ ಹಾಕಿದರೆ ಆಯ್ತು. (ನೀವೇ ಬಿಚ್ಚಬೇಡಿ, ಫ್ಲ್ಯಾಶ್ ಒಳಗಿನ ಕರೆಂಟು ಹೊಡೆಯುತ್ತೆ.) ಚಿಕ್ಕಬಳ್ಳಾಪುರ, ಗೌರಿಬಿದನೂರಿನ ಸ್ಟುಡಿಯೋದವರು ಮೂಲೆಗಿಟ್ಟ ಒಂದು ಕ್ಯಾಮೆರಾಗೆ ಹೀಗೆ ಮಾಡಿಸಲಿ. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಅದೇ ಮಾಳಿಗೆಯಿಂದ ಒಂದೇ ತೋಟ ತೆಗೆದು ಹೋಲಿಸಲಿ.

ತೋಟದಲ್ಲಿ ಎಲ್ಲಿ ಮಂಕಾಗುತ್ತಿದೆ ಅಂತ ಫೋಟೋ ತೋರಿಸಬಹುದು. ನೀರಿನ ಕೊರತೆಯೋ ರೋಗವೋ ಅನ್ನೋದನ್ನು ಹೇಳಲ್ಲ. ಅದಕ್ಕೆ ಗಿಡ ಕಿತ್ತು ಬೇರು ನೋಡಬೇಕು, ರೇಷ್ಮೆ ಇಲಾಖೆಯವರನ್ನು ಕರೆಸಬೇಕು. ಎರಡೆಕರೆಯಲ್ಲಿ ಮೊದಲು ಯಾವ ಸಾಲಿಗೆ ಹೋಗಬೇಕು ಅನ್ನೋದಾದರೂ ತಿಳಿಯುತ್ತಲ್ಲ.