ಬೆಟ್ಟಕ್ಕೂ ಬೇರೆ ಬೇರೆ ಬಳಗವೇ?

ಭಾನುವಾರ ಬೆಳಿಗ್ಗೆ ಊರಿನ ಇಪ್ಪತ್ತು ಮೂವತ್ತು ಜನ ಸೇರಿ, ಬುತ್ತಿ ಕಟ್ಟಿಕೊಂಡು, ಹತ್ತಿರದ ಒಂದು ಬೆಟ್ಟ ಹತ್ತಿಳಿದು ಕತ್ತಲಾಗುವ ಮೊದಲು ಮನೆ ಸೇರುವ ಚಾರಣ ಬಳಗಗಳು ನಮ್ಮ ರಾಜ್ಯದ ಅನೇಕ ಪಟ್ಟಣಗಳಲ್ಲಿವೆ. ಇಂಥ ನಿರುಪದ್ರವಿ ಹವ್ಯಾಸದ ಬಗ್ಗೆ ವಾದ ಮಾಡಲು ಏನಿದೆ ಎಂದು ಓದುಗರು ಕೇಳಬಹುದು. ಇದೆ. ನಮ್ಮ ಮೊಹಲ್ಲಾಗಳ ವಿದ್ಯಾವಂತ ಯುವಕರು ಇತ್ತೀಚೆಗೆ ಒಂದು ಸಲಹೆ ಮುಂದಿಡುತ್ತಿದ್ದಾರೆ: 'ನಮ್ಮವರದೇ ಒಂದು ಚಾರಣ ಬಳಗ ಕಟ್ಟೋಣ. ನಮಾಜಿಗೆ ಅನುಕೂಲ, ಊಟಕ್ಕೆ ತಕರಾರಿಲ್ಲ, ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರೂ ಒಪ್ಪುತ್ತಾರೆ.' ಸಲಹೆಯ ಹಿಂದಿನ ಉದ್ದೇಶ ಒಳ್ಳೆಯದೇ. ಆದರೂ ಅದನ್ನು ವಿರೋಧಿಸಲೇಬೇಕೆಂದು ನಾವು ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಬೇರೆ ಬೇರೆ ಆಗುವುದಕ್ಕೆ ಈಗ ನಮಗೆ ಜಾಗಗಳ ಕೊರತೆಯಿಲ್ಲ. ಬಾಡಿಗೆ ಮನೆ ಕೇಳಲು ಹೋದರೆ ಮೊದಲು ಹೆಸರು ಕೇಳುತ್ತಾರೆ. ಶಾಲೆಗಳು ಬೇರೆಯಾದವು, ಹಾಸ್ಟೆಲುಗಳು ಬೇರೆಯಾದವು, ಬಡಾವಣೆಗಳು ಬೇರೆಯಾದವು. ನಮ್ಮ ಮಕ್ಕಳಲ್ಲಿ ಎಷ್ಟು ಜನ ಹಿಂದೂ ಗೆಳೆಯನ ಅಡುಗೆಮನೆ ನೋಡಿದ್ದಾರೆ? ಅವರ ಮಕ್ಕಳಲ್ಲಿ ಎಷ್ಟು ಜನ ಹಬ್ಬದ ದಿನವಲ್ಲದ ದಿನ ನಮ್ಮ ಮನೆಯ ಹೊಸಿಲು ದಾಟಿದ್ದಾರೆ? ಸೌಹಾರ್ದ ಸಮಾವೇಶಗಳು ನಡೆಯುತ್ತವೆ. ವೇದಿಕೆಯ ಮೇಲೆ ಒಬ್ಬ ಸ್ವಾಮೀಜಿ, ಒಬ್ಬ ಮೌಲಾನಾ, ಒಬ್ಬ ಫಾದರ್ ಕೈ ಕೈ ಹಿಡಿದು ನಿಲ್ಲುತ್ತಾರೆ. ಫೋಟೋ ತೆಗೆದ ಮೇಲೆ ಮೂವರೂ ಮೂರು ಕಾರು ಹತ್ತುತ್ತಾರೆ. ಚಾರಣ ಬಳಗದಲ್ಲಿ ಫೋಟೋ ತೆಗೆದ ಮೇಲೂ ಇನ್ನೂ ಆರು ಕಿಲೋಮೀಟರು ಜೊತೆಯಲ್ಲೇ ನಡೆಯಬೇಕು.

ಈ ಬಳಗಗಳು ಹೇಗೆ ನಡೆಯುತ್ತವೆ ಎಂಬುದನ್ನು ಗಮನಿಸಿ. ಬ್ಯಾಂಕಿನ ಗುಮಾಸ್ತೆ, ಹೈಸ್ಕೂಲು ಮೇಷ್ಟ್ರು, ವೈರಿಂಗ್ ಕೆಲಸದ ಹುಡುಗ, ನಿವೃತ್ತ ನರ್ಸು, ಕಾಲೇಜು ಹುಡುಗಿಯರು ವ್ಯಾನಿನ ಬಾಡಿಗೆಯನ್ನು ಸಮನಾಗಿ ಹಂಚಿಕೊಳ್ಳುತ್ತಾರೆ. ದಾರಿ ಗೊತ್ತಿರುವವರೊಬ್ಬರು ಮುಂದೆ, ಅನುಭವಸ್ಥರೊಬ್ಬರು ಎಲ್ಲರಿಗಿಂತ ಹಿಂದೆ. ಹಿಂದಿನವರನ್ನು ಯಾರೂ ಹಿಂದೆ ಹಾಕುವಂತಿಲ್ಲ, ಮುಂದಿನವರನ್ನು ಯಾರೂ ದಾಟುವಂತಿಲ್ಲ. ಹೊರಡುವಾಗ, ತುದಿಯಲ್ಲಿ, ಇಳಿದ ಮೇಲೆ ಮೂರು ಸಲ ತಲೆ ಎಣಿಸುತ್ತಾರೆ. ಅತ್ಯಂತ ನಿಧಾನವಾಗಿ ನಡೆಯುವವರ ನಡಿಗೆಯೇ ಗುಂಪಿನ ನಡಿಗೆ. ಮಳೆಗಾಲದಲ್ಲಿ ಇಂಬಳ ಹತ್ತಿದರೆ ಯಾರದೋ ಚೀಲದ ಉಪ್ಪು, ಯಾರದೋ ಡಬ್ಬಿಯ ನಶ್ಯ ಎಲ್ಲರ ಕಾಲಿಗೂ ಆಗುತ್ತದೆ. ಕೆಳಗೆ ಊರಿನಲ್ಲಿ ಒಬ್ಬರ ಲೋಟದಲ್ಲಿ ಇನ್ನೊಬ್ಬರು ನೀರು ಕುಡಿಯದ ಜನ, ಮೇಲೆ ಬಾಟಲಿ ಖಾಲಿಯಾದಾಗ ಜಾತಿ ನೋಡುವುದಿಲ್ಲ. ಇದು ಭಾಷಣದಿಂದ ಬರುವ ವಿದ್ಯೆಯಲ್ಲ.

ನಮ್ಮ ನಾಡಿನ ಬೆಟ್ಟಗಳೂ ಒಬ್ಬರ ಸ್ವತ್ತಾಗಿ ಉಳಿದವಲ್ಲ. ಮಾಗಡಿಯ ಸಾವನದುರ್ಗದಲ್ಲಿ ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳು. ತಪ್ಪಲಿನಲ್ಲಿ ವೀರಭದ್ರನ ಗುಡಿ, ನರಸಿಂಹನ ಗುಡಿ, ಜೊತೆಗೆ ಒಂದು ದರ್ಗಾ. ಬೆಳ್ತಂಗಡಿಯ ಗಡಾಯಿಕಲ್ಲಿಗೆ ನರಸಿಂಹಗಡ ಎಂಬ ಹೆಸರೂ ಇದೆ, ಜಮಾಲಾಬಾದ್ ಎಂಬ ಹೆಸರೂ ಇದೆ. 1794ರಲ್ಲಿ ಅಲ್ಲಿ ಕೋಟೆ ಕಟ್ಟಿಸಿದ ಟಿಪ್ಪು ಅದಕ್ಕೆ ತನ್ನ ತಾಯಿಯ ಹೆಸರಿಟ್ಟ ಎನ್ನುತ್ತಾರೆ. ಬಂಡೆಯಲ್ಲಿ ಕಡಿದ ಸಾವಿರದ ಎಂಟುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತುವಾಗ ಯಾವ ಹೆಸರು ಸರಿ ಎಂದು ಜಗಳವಾಡುವಷ್ಟು ಉಸಿರು ಯಾರಿಗೂ ಉಳಿದಿರುವುದಿಲ್ಲ. ಇನ್ನು ಬಾಬಾಬುಡನ್‌ಗಿರಿ. ಆ ಹೆಸರು ಕೇಳಿದರೆ ಈಗ ಪೊಲೀಸ್ ಬಂದೋಬಸ್ತು, ಕೋರ್ಟು ಕಚೇರಿ ನೆನಪಾಗುತ್ತದೆ. ಯೆಮನ್‌ನಿಂದ ಬಾಬಾ ಬುಡನ್ ತಂದರೆನ್ನುವ ಕಾಫಿ ಬೀಜದ ಕಥೆ, ಅದೇ ಗಿರಿಸಾಲಿನಲ್ಲಿ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1930 ಮೀಟರು ನಿಂತಿರುವುದು, ಶೋಲಾ ಕಾಡೂ ಹುಲ್ಲುಗಾವಲೂ ಸ್ಪಂಜಿನಂತೆ ನೀರು ಹೀರಿ ಬೇಸಿಗೆಗೆ ಇಟ್ಟುಕೊಳ್ಳುವುದು, ಇವೆಲ್ಲ ಮರೆತೇಹೋದವು. ಬೆಟ್ಟವನ್ನು ಮೆರವಣಿಗೆಯಲ್ಲಷ್ಟೇ ಹತ್ತುವ ಸಮಾಜಕ್ಕೆ ಬೆಟ್ಟ ವ್ಯಾಜ್ಯವಾಗಿಯಷ್ಟೇ ಕಾಣುತ್ತದೆ. ಇಂಥ ಹೊತ್ತಿನಲ್ಲಿ ನಾವೂ ಬೇರೆ ಗುಂಪು ಕಟ್ಟಿಕೊಂಡು ಹತ್ತಿದರೆ ಅದು ಇನ್ನೊಂದು ಮೆರವಣಿಗೆಯಾಗದೆ ಉಳಿದೀತೇ?

ಯುವಕರ ಅಳಲು ಸುಳ್ಳೆಂದು ನಾವು ಹೇಳುವುದಿಲ್ಲ. 'ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ' ಎಂದು ಪ್ರಕಟಣೆಯಲ್ಲೇ ಹಾಕುವ ಬಳಗಗಳಿವೆ. ಬೇಯಿಸಿದ ಮೊಟ್ಟೆ ತಂದವನನ್ನು ಬೇರೆ ಬಂಡೆಯ ಮೇಲೆ ಕೂರಿಸುವವರಿದ್ದಾರೆ. ತುದಿ ಮುಟ್ಟಿದೊಡನೆ ಘೋಷಣೆ ಕೂಗಿ, ಕೂಗದವನ ಮುಖ ನೋಡುವವರೂ ಇದ್ದಾರೆ. ಅಂಥವರಿಗೆ ನಾವು ನೇರವಾಗಿ ಹೇಳುತ್ತೇವೆ: ನೀವು ನಡೆಸುತ್ತಿರುವುದು ಊರಿನ ಚಾರಣ ಬಳಗವಲ್ಲ, ನಿಮ್ಮ ಕೇರಿಯ ಪಿಕ್ನಿಕ್ಕು. ಊರಿನ ಹೆಸರನ್ನು ಬಳಸಬೇಡಿ. ಹುಡುಗ ಹುಡುಗಿಯರು ಒಟ್ಟಿಗೆ ಎಲ್ಲಿಗಾದರೂ ಹೊರಟರೆ ದಾರಿ ತಡೆಯುವವರ ಭಯವೂ ಕರಾವಳಿಯಲ್ಲಿ ಕಲ್ಪನೆಯ ಭಯವಲ್ಲ. 2012ರ ಜುಲೈಯಲ್ಲಿ ಮಂಗಳೂರಿನ ಪಡೀಲಿನ ಹೋಂ ಸ್ಟೇಯೊಂದರಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಯುವಕ ಯುವತಿಯರ ಮೇಲೆ ಗುಂಪೊಂದು ನುಗ್ಗಿ ಹೊಡೆದದ್ದನ್ನು ನಾಡೆಲ್ಲ ಟಿ.ವಿ.ಯಲ್ಲಿ ನೋಡಿದೆ. ಆದರೆ ತಡೆಯುವವರು ಬಯಸುವುದಾದರೂ ಏನು? ಇವರು ಅವರೊಂದಿಗೆ ಹೋಗಬಾರದು, ಅವರು ಇವರೊಂದಿಗೆ ಬರಬಾರದು ಎಂಬುದನ್ನೇ ಅಲ್ಲವೇ? ಅವರು ಬಡಿಗೆ ಹಿಡಿದು ಮಾಡಲು ಹೊರಟದ್ದನ್ನು ನಾವು ಬುತ್ತಿ ಹಿಡಿದು ನಾವಾಗಿಯೇ ಮಾಡಿಕೊಟ್ಟರೆ ಗೆದ್ದವರು ಯಾರು?

ನಮಾಜಿನ ಮಾತಿಗೆ ಬರೋಣ. ಝುಹರ್‌ನ ಹೊತ್ತು ಬುತ್ತಿ ಬಿಚ್ಚುವ ಹೊತ್ತಿನ ಹತ್ತಿರವೇ ಬರುತ್ತದೆ. ಹತ್ತು ನಿಮಿಷ ಕಾಯದ ಬಳಗವಿದ್ದರೆ ಅದರೊಂದಿಗೆ ವಾದಿಸಿ. ವಾದಿಸದೆ ಎದ್ದು ಬಂದರೆ ಅವರಿಗೆ ಕಲಿಯುವ ಅವಕಾಶವೇ ಇರುವುದಿಲ್ಲ. ರಂಜಾನ್ ತಿಂಗಳಲ್ಲಿ ಕಡಿದಾದ ಬೆಟ್ಟ ಬೇಡ, ಕೆರೆ ಏರಿಯ ಮೇಲೆ ಸಣ್ಣ ನಡಿಗೆ ಸಾಕು ಎಂದು ಕೇಳುವುದರಲ್ಲಿ ನಾಚಿಕೆಯೇನಿದೆ? ಕೇಳಲು ಬಳಗದೊಳಗೆ ನಮ್ಮವರು ಇರಬೇಕಲ್ಲ!

ಇರದಿರುವುದಕ್ಕೆ ನಮ್ಮ ಹಿರಿಯರ ಪಾಲೂ ದೊಡ್ಡದು. ಉರ್ದುವಿನಲ್ಲಿ 'ಸೈರ್' ಎಂಬ ಸೊಗಸಾದ ಪದವಿದೆ. ನೋಡುತ್ತಾ, ಕಲಿಯುತ್ತಾ ಸಂಚರಿಸುವುದು ಎಂದು ಅದರ ಅರ್ಥ. ನಮ್ಮ ಮನೆಗಳಲ್ಲಿ ಅದು 'ಸೈರ್ ಸಪಾಟಾ' ಆಗಿ, ಮಗಳ ವಿಷಯಕ್ಕೆ ಬಂದಾಗ 'ಆವಾರಾಗರ್ದಿ' ಆಗಿಬಿಡುತ್ತದೆ. ಮದುವೆ ಮನೆಗೆ ಇನ್ನೂರು ಕಿಲೋಮೀಟರು ಬಸ್ಸಿನಲ್ಲಿ ಹೋಗಬಹುದಾದ ಹುಡುಗಿ, ಊರ ಹಿಂದಿನ ಗುಡ್ಡಕ್ಕೆ ಮೇಷ್ಟ್ರು, ನರ್ಸಮ್ಮನ ಜೊತೆ ಹಗಲು ಹೊತ್ತಿನಲ್ಲಿ ಹೋಗಬಾರದು! ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ ಸಲೀಂ ಅಲಿ (1896-1987) ನಮ್ಮವರೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರು ಕಾಡುಮೇಡು ಅಲೆಯದೆ ಮೊಹಲ್ಲಾದ ಕಟ್ಟೆಯ ಮೇಲೆ ಕೂತು ಹಕ್ಕಿ ಎಣಿಸಿದರೇ?

ಕೂಡಿ ಹತ್ತುವ ಈ ಹಾದಿಯನ್ನು ಇನ್ನೊಂದು ಕಡೆಯಿಂದ ಮಾರುಕಟ್ಟೆ ಮುಚ್ಚುತ್ತಿದೆ. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ತುಂಬಿಸಿ, ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಇಳಿಸುವ ಪ್ಯಾಕೇಜುಗಳಿಗೆ ಊರೂ ಬೇಡ, ಊರಿನವರೂ ಬೇಡ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ 1712 ಮೀಟರಿನ ಕುಮಾರ ಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಸಾವಿರಾರು ಜನ ಸೇರಿದರು. ಸರ್ಕಾರ ಎಚ್ಚೆತ್ತು, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೆಲ್ಲ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಹೊಸ ಬುಕಿಂಗ್ ವ್ಯವಸ್ಥೆ ಬಂತು; ಒಂದು ಹಾದಿಗೆ ದಿನಕ್ಕೆ 300 ಜನ, ಒಂದು ಫೋನ್ ಸಂಖ್ಯೆಗೆ ಹತ್ತು ಟಿಕೆಟು, ಪ್ರತಿಯೊಬ್ಬರಿಗೂ ಗುರುತಿನ ಚೀಟಿ. ಮಿತಿ ಬೇಕೇ ಬೇಕು. ಕಾಡು ಉಳಿದರೆ ತಾನೇ ಚಾರಣ? ಆದರೆ ಈ ನಿಯಮದ ಮುಂದೆ ಲಾಭಕ್ಕೆ ಬೆಟ್ಟ ಮಾರುವ ವ್ಯಾಪಾರಿಯೂ, ಬರುವಾಗ ಇತರರ ಪ್ಲಾಸ್ಟಿಕ್ಕನ್ನೂ ಆರಿಸಿಕೊಂಡು ಬರುವ ಊರಿನ ಬಳಗವೂ ಒಂದೇ. ಕಂಪ್ಯೂಟರಿನ ಮುಂದೆ ಸದಾ ಕೂತವರಿಗೆ ಟಿಕೆಟು ಸಿಗುತ್ತದೆ, ವೈರಿಂಗ್ ಹುಡುಗನಿಗೆ ಸಿಗುವುದಿಲ್ಲ. ಆ 300ರಲ್ಲಿ ಒಂದು ಪಾಲನ್ನು ಸುತ್ತಲಿನ ಊರುಗಳ ಲಾಭರಹಿತ ಬಳಗಗಳಿಗೆ, ಶಾಲಾ ಮಕ್ಕಳಿಗೆ ಮೀಸಲಿಟ್ಟು, ವಲಯ ಅರಣ್ಯ ಕಚೇರಿಯಲ್ಲೇ ಚೀಟಿ ಕೊಟ್ಟರೆ ಇಲಾಖೆಗೆ ಆಗುವ ನಷ್ಟವೇನು? ಬೇಸಿಗೆಯಲ್ಲಿ ಕಾಳ್ಗಿಚ್ಚು ಎದ್ದಾಗ ಸೊಪ್ಪು ಹಿಡಿದು ಓಡಿ ಬರುವವರು ಊರಿನವರೇ ಹೊರತು ಪ್ಯಾಕೇಜಿನವರಲ್ಲ.

ಆದ್ದರಿಂದ ಯುವ ಮಿತ್ರರಿಗೆ ನಮ್ಮ ಮಾತು ಇಷ್ಟೇ. ಹೊಸ ಬಳಗದ ಬ್ಯಾನರಿಗೆ ಖರ್ಚು ಮಾಡುವ ಹಣದಲ್ಲಿ ಹಳೆಯ ಬಳಗದ ಸದಸ್ಯತ್ವ ಪಡೆಯಿರಿ. ಒಬ್ಬರೇ ಹೋಗಬೇಡಿ, ನಾಲ್ಕೈದು ಜನ ಹೋಗಿ, ನಿಮ್ಮ ತಂಗಿಯರನ್ನೂ ಕರೆದೊಯ್ಯಿರಿ. ಊರಿನಲ್ಲಿ ಬಳಗವೇ ಇಲ್ಲದಿದ್ದರೆ ಖಂಡಿತ ಕಟ್ಟಿ; ಆದರೆ ಮೊದಲ ಸಭೆಗೆ ಎಲ್ಲ ಕೇರಿಗಳ ಬಾಗಿಲು ತಟ್ಟಿದ ಮೇಲೆ ಕಟ್ಟಿ. ಅವಮಾನವಾದರೆ ಅಲ್ಲೇ, ಎಲ್ಲರ ಎದುರಿಗೇ ಪ್ರಶ್ನಿಸಿ. ಬೆಟ್ಟದ ಹಾದಿ ನಡೆದಷ್ಟು ಕಾಲ ಮಾತ್ರ ಹಾದಿ. ನಡೆಯುವುದನ್ನು ಬಿಟ್ಟ ಒಂದೆರಡು ಮಳೆಗಾಲದಲ್ಲೇ ಮುಳ್ಳು ಮುಚ್ಚಿಕೊಂಡು, ಇಲ್ಲಿ ದಾರಿಯೇ ಇರಲಿಲ್ಲ ಎನ್ನುವವರ ಮಾತು ನಿಜವಾಗಿಬಿಡುತ್ತದೆ.